ಕಿಟಕಿಗೆ ಒರಗಿದ ಎಮ್ಮೆ

ಕೂತ್ಕೊಳ್ಳಿ, ಕಾಲು ಮಡಚಿ. ನಾನು ಕಥೆ ಹೇಳ್ತೀನಿ, ನೀವು ಹೂಂ ಅನ್ನಿ. ಕೇಳಿಸಿಕೊಂಡು ಹೂಂ ಅನ್ನಿ. ಪಕ್ಕದವನು ಅಂದ ಅಂತ ಅನ್ನಬೇಡಿ.

ಒಂದು ಸ್ಕೂಲು. ಆ ಸ್ಕೂಲಲ್ಲಿ ಒಂದು ಆರನೇ ಕ್ಲಾಸು. ಆ ಕ್ಲಾಸಲ್ಲಿ ಇಪ್ಪತ್ತು ಮಕ್ಕಳು. ಹಾಜರಿ ಪುಸ್ತಕದಲ್ಲಿ ಮೊದಲನೆಯವನು ಅರ್ಕೇಶ, ಕೊನೆಯವಳು ಹಂಸವೇಣಿ. ಚಿಕ್ಕಿ ಹಂಚಿದರೂ ಅವಳೇ ಕೊನೆ, ಬಾಳೆಹಣ್ಣು ಹಂಚಿದರೂ ಅವಳೇ ಕೊನೆ, ಪಾಪ.

ಒಂದು ದಿನ ಆ ಕ್ಲಾಸಿಗೆ ಹೈಸ್ಕೂಲಿಂದ ಒಂದು ಸೂಕ್ಷ್ಮದರ್ಶಕ ಬಂತು. ಸೂಕ್ಷ್ಮದರ್ಶಕ ಅಂದ್ರೆ ಚಿಕ್ಕದನ್ನ ದೊಡ್ಡದು ಮಾಡಿ ತೋರಿಸೋ ಯಂತ್ರ. ಅದಕ್ಕೊಂದು ಕರೀ ಕತ್ತು. ಬುಡದಲ್ಲೊಂದು ದುಂಡು ಕನ್ನಡಿ. ಊಟದ ಗಂಟೆ ಹೊಡೀತು ಅಂದ್ರೆ ಅದು ಪೆಟ್ಟಿಗೆ ಸೇರಿ ವಾಪಸ್ ಹೈಸ್ಕೂಲಿಗೆ. ಮತ್ತೆ ಬರೋದು ಮುಂದಿನ ವರ್ಷ.

ಹಂಸವೇಣಿ ಮನೆಯಿಂದ ಈರುಳ್ಳಿ ತಂದಿದ್ದಳು. ಅದರ ಪೊರೆಯನ್ನ ಅವಳೇ ಉಗುರಲ್ಲಿ ಎಬ್ಬಿಸಿದ್ದಳು. ರತ್ನಮಾಲಾ ಮಿಸ್ ಅದನ್ನ ಗಾಜಿನ ಮೇಲೆ ಹಾಸಿದರು. ಒಂದು ಹನಿ ಕೆಂಪು ಬಣ್ಣ ಬಿಟ್ಟರು. ಹಿಂದಿನ ಕಿಟಕಿ ಹತ್ತಿರ ಸೂಕ್ಷ್ಮದರ್ಶಕ ಇಟ್ಟು, ಕಣ್ಣಿಟ್ಟು ನೋಡಿದರು.

"ಈರುಳ್ಳಿ ಒಳಗೆ ಪುಟ್ಟ ಪುಟ್ಟ ಮನೆ ಇದೆ ಮಕ್ಕಳೇ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಇಡಿ, ತಿರುಪು ಮೆಲ್ಲಗೆ ತಿರುಗಿಸಿ. ನೋಡಿ ಬಂದು ನನಗೆ ಹೇಳಿ" ಅಂದರು.

ಅಷ್ಟರಲ್ಲಿ ಪ್ರಾರ್ಥನೆ ಗಂಟೆ ಹೊಡೀತು. ಎಲ್ಲರೂ ಹೋದರು, ಹಾಡಿದರು, ಬಂದರು. ಮಿಸ್ ಮುಂದೆ ಕುರ್ಚಿ ಮೇಲೆ ಕೂತು ಹಾಜರಿ ಪುಸ್ತಕ ತೆಗೆದರು.

ಅರ್ಕೇಶ ಹೋದ. ಒಂದು ಕಣ್ಣು ಮುಚ್ಚಿದ, ಒಂದು ಕಣ್ಣು ಇಟ್ಟ.

"ಕಾಣಿಸ್ತಾ?"

"ಕಾಣಿಸ್ತು ಮಿಸ್." ಟಿಕ್.

ಎರಡನೆಯವಳು ಹೋದಳು. "ಕಾಣಿಸ್ತಾ?" "ಕಾಣಿಸ್ತು ಮಿಸ್." ಟಿಕ್. ಮೂರನೆಯವನು ಹೋದ. "ಕಾಣಿಸ್ತಾ?" "ಕಾಣಿಸ್ತು ಮಿಸ್." ಟಿಕ್. ಹೀಗೇ ಹತ್ತೊಂಬತ್ತು ಕಾಣಿಸ್ತು, ಹತ್ತೊಂಬತ್ತು ಟಿಕ್.

ಕೊನೆಗೆ ಹಂಸವೇಣಿ ಹೋದಳು. ಒಂದು ಕಣ್ಣು ಮುಚ್ಚಿದಳು, ಒಂದು ಕಣ್ಣು ಇಟ್ಟಳು. ಒಳಗೆ ಕತ್ತಲೆ. ಈ ಕಣ್ಣು ಬಿಟ್ಟು ಆ ಕಣ್ಣು ಇಟ್ಟಳು. ಆಗಲೂ ಕತ್ತಲೆ. ಬೆಳಕೇ ಕಳೆದುಹೋಗಿತ್ತು.

"ಕಾಣಿಸ್ತಾ?"

"ಇಲ್ಲ ಮಿಸ್. ಬೆಳಕಿಲ್ಲ."

ಕ್ಲಾಸೆಲ್ಲ ಕಿಸಕ್ ಅಂತು. "ನಮಗೆಲ್ಲ ಕಾಣಿಸ್ತು. ನಿನ್ನ ಕಣ್ಣೇನು ಮನೇಲಿ ಬಿಟ್ಟು ಬಂದ್ಯಾ?" ಅಂದ ಅರ್ಕೇಶ.

"ಬೆಳಕಿಲ್ಲದಿದ್ರೆ ಬೆಳಕು ಹುಡುಕು ಪುಟ್ಟಿ, ಗಂಟೆ ಹೊಡೆಯೋದ್ರೊಳಗೆ. ಮಿಕ್ಕವರು ಕಂಡದ್ದರ ಚಿತ್ರ ಬರೀರಿ" ಅಂದರು ಮಿಸ್.

ಹಂಸವೇಣಿಗೆ ಅಳು ಬಂತು. ಬಂದ ಅಳುವನ್ನ ನುಂಗಿಕೊಂಡಳು. ಯಂತ್ರದ ಮುಂದೆ ನಿಂತಳು.

"ಸೂಕ್ಷ್ಮದರ್ಶಕವೇ ಸೂಕ್ಷ್ಮದರ್ಶಕವೇ, ಈರುಳ್ಳಿ ಮನೆ ತೋರಿಸು."

"ತೋರಿಸಲ್ಲ. ಮೊದಲು ಕನ್ನಡಿ ಬೆಳಕು ಕೊಡ್ಲಿ."

ಹಂಸವೇಣಿ ಕನ್ನಡಿ ಹತ್ತಿರ ಬಗ್ಗಿದಳು.

"ಕನ್ನಡಿಯೇ ಕನ್ನಡಿಯೇ, ಬೆಳಕು ಕೊಡು.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

"ಕೊಡಲ್ಲ. ನನ್ನ ಹತ್ತಿರ ಸ್ವಂತದ್ದು ಏನಿದೆ? ಮೊದಲು ಕಿಟಕಿ ಬೆಳಕು ಬಿಡ್ಲಿ."

ಹಂಸವೇಣಿ ಕಿಟಕಿ ಹತ್ತಿರ ಹೋದಳು.

"ಕಿಟಕಿಯೇ ಕಿಟಕಿಯೇ, ಬೆಳಕು ಬಿಡು.
ಕಿಟಕಿ ಬೆಳಕು ಬಿಟ್ರೆ ಕನ್ನಡಿ ಬೆಳಕು ಕೊಡತ್ತೆ.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

"ಬಿಡಲ್ಲ. ಹೇಗೆ ಬಿಡ್ಲಿ? ನನ್ನ ಮೇಲೆ ಒರಗಿರೋ ಎಮ್ಮೆ ಮೊದಲು ಸರೀಲಿ."

ಎಮ್ಮೆ? ಹೌದ್ರಪ್ಪ, ಎಮ್ಮೆ. ಕಿಟಕಿ ತುಂಬ ಅದರ ಕರೀ ಬೆನ್ನು. ಹಂಸವೇಣಿ ಸ್ಕೂಲಿನ ಹಿಂದಕ್ಕೆ ಓಡಿದಳು.

"ಎಮ್ಮೆಯೇ ಎಮ್ಮೆಯೇ, ಆಚೆ ಸರಿ.
ಎಮ್ಮೆ ಸರಿದ್ರೆ ಕಿಟಕಿ ಬೆಳಕು ಬಿಡತ್ತೆ.
ಕಿಟಕಿ ಬೆಳಕು ಬಿಟ್ರೆ ಕನ್ನಡಿ ಬೆಳಕು ಕೊಡತ್ತೆ.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

ಎಮ್ಮೆ ಕೇಳ್ತಾ? ಎಮ್ಮೆ ಮೇಲೆ ಮಳೆ ಸುರಿದ ಹಾಗೆ ನಿಂತಿತ್ತು. ಮೆಲುಕು ಹಾಕ್ತು. ಬಾಲ ಆಡಿಸ್ತು. ಆಮೇಲೆ ಅಂತು, "ಸರಿಯಲ್ಲ. ಪ್ರಾರ್ಥನೆ ಹೊತ್ತಿನಿಂದ ಕಾಯ್ತಾ ಇದ್ದೀನಿ. ಮೊದಲು ಚೆನ್ನಾಜಕ್ಕ ಕಲಗಚ್ಚು ಕೊಡ್ಲಿ."

ಪ್ರಾರ್ಥನೆ ಹೊತ್ತಿನಿಂದ! ಹಾಗಾದ್ರೆ ಆ ಹತ್ತೊಂಬತ್ತು ಮಕ್ಕಳು ಏನು ನೋಡಿದ್ರು? ನನ್ನ ಕೇಳಬೇಡಿ. ನಾನು ಹೇಳಲ್ಲ.

ಚೆನ್ನಾಜಕ್ಕ ಅಂದ್ರೆ ಬಿಸಿಯೂಟ ಮಾಡೋರು. ಕಲಗಚ್ಚು ಅಂದ್ರೆ ಅಕ್ಕಿ ತೊಳೆದ ನೀರು. ಹಂಸವೇಣಿ ಅಡುಗೆಮನೆಗೆ ಓಡಿದಳು.

"ಚೆನ್ನಾಜಕ್ಕ ಚೆನ್ನಾಜಕ್ಕ, ಕಲಗಚ್ಚು ಕೊಡಿ.
ಚೆನ್ನಾಜಕ್ಕ ಕಲಗಚ್ಚು ಕೊಟ್ರೆ ಎಮ್ಮೆ ಸರಿಯತ್ತೆ.
ಎಮ್ಮೆ ಸರಿದ್ರೆ ಕಿಟಕಿ ಬೆಳಕು ಬಿಡತ್ತೆ.
ಕಿಟಕಿ ಬೆಳಕು ಬಿಟ್ರೆ ಕನ್ನಡಿ ಬೆಳಕು ಕೊಡತ್ತೆ.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

"ಎಲ್ಲಿಂದ ಕೊಡ್ಲಿ ನನ್ನ ಕಂದ? ಅಕ್ಕಿ ತೊಳೆದ್ರೆ ತಾನೇ ಕಲಗಚ್ಚು? ನಲ್ಲೀಲಿ ನೀರು ಬಂದಿಲ್ಲ. ಮೊದಲು ಕೈಪಂಪು ನೀರು ಕೊಡ್ಲಿ. ಅದನ್ನ ಜಗ್ಗಕ್ಕೆ ನನ್ನ ಸೊಂಟ ಕೇಳಲ್ಲ."

ಹಂಸವೇಣಿ ಕೈಪಂಪಿನ ಹತ್ತಿರ ಓಡಿದಳು.

"ಕೈಪಂಪೇ ಕೈಪಂಪೇ, ನೀರು ಕೊಡು.
ಕೈಪಂಪು ನೀರು ಕೊಟ್ರೆ ಚೆನ್ನಾಜಕ್ಕ ಕಲಗಚ್ಚು ಕೊಡ್ತಾರೆ.
ಚೆನ್ನಾಜಕ್ಕ ಕಲಗಚ್ಚು ಕೊಟ್ರೆ ಎಮ್ಮೆ ಸರಿಯತ್ತೆ.
ಎಮ್ಮೆ ಸರಿದ್ರೆ ಕಿಟಕಿ ಬೆಳಕು ಬಿಡತ್ತೆ.
ಕಿಟಕಿ ಬೆಳಕು ಬಿಟ್ರೆ ಕನ್ನಡಿ ಬೆಳಕು ಕೊಡತ್ತೆ.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

ಹಿಡಿಕೆಗೆ ಜೋತುಬಿದ್ದಳು. ಕಾಲು ನೆಲ ಬಿಟ್ಟು ಮೇಲೆ ಬಂತು. ಹಿಡಿಕೆ ಅಲ್ಲಾಡಲಿಲ್ಲ.

"ಕೊಡಲ್ಲ. ನೀನೊಬ್ಬಳು ನೇತಾಡಿದ್ರೆ ನನಗೆ ನೊಣ ಕೂತ ಹಾಗೆ. ಹತ್ತೊಂಬತ್ತು ಮಕ್ಕಳೂ ಬಂದು ಜಗ್ಗಲಿ" ಅಂತು ಕೈಪಂಪು.

ಹಂಸವೇಣಿ ಕ್ಲಾಸಿಗೆ ಓಡಿ ಬಂದಳು. ಏದುಸಿರು ಬಿಡ್ತಾ ಹೇಳಿದಳು.

"ಮಕ್ಕಳೇ ಮಕ್ಕಳೇ, ಬಂದು ಜಗ್ಗಿ.
ಮಕ್ಕಳು ಜಗ್ಗಿದ್ರೆ ಕೈಪಂಪು ನೀರು ಕೊಡತ್ತೆ.
ಕೈಪಂಪು ನೀರು ಕೊಟ್ರೆ ಚೆನ್ನಾಜಕ್ಕ ಕಲಗಚ್ಚು ಕೊಡ್ತಾರೆ.
ಚೆನ್ನಾಜಕ್ಕ ಕಲಗಚ್ಚು ಕೊಟ್ರೆ ಎಮ್ಮೆ ಸರಿಯತ್ತೆ.
ಎಮ್ಮೆ ಸರಿದ್ರೆ ಕಿಟಕಿ ಬೆಳಕು ಬಿಡತ್ತೆ.
ಕಿಟಕಿ ಬೆಳಕು ಬಿಟ್ರೆ ಕನ್ನಡಿ ಬೆಳಕು ಕೊಡತ್ತೆ.
ಕನ್ನಡಿ ಬೆಳಕು ಕೊಟ್ರೆ ಸೂಕ್ಷ್ಮದರ್ಶಕ ತೋರಿಸತ್ತೆ.
ಸೂಕ್ಷ್ಮದರ್ಶಕ ತೋರಿಸಿದ್ರೆ ನಾನು ಈರುಳ್ಳಿ ಮನೆ ನೋಡ್ತೀನಿ."

"ಬರಲ್ಲ. ಮೊದಲು ಚಿತ್ರ ಬರೀಬೇಕು" ಅಂದರು ಮಕ್ಕಳು.

"ಬೇಗ ಬರೀರಿ ಮತ್ತೆ."

ಬರೆಯೋದೇನು? ಹತ್ತೊಂಬತ್ತು ಪೆನ್ಸಿಲು, ಹತ್ತೊಂಬತ್ತು ಹಾಳೆ. ಇವನು ಅವಳ ಹಾಳೆ ನೋಡ್ತಾನೆ, ಅವಳು ಇವನ ಹಾಳೆ ನೋಡ್ತಾಳೆ. ಯಾರ ಹಾಳೆಯಲ್ಲೂ ಒಂದು ಗೆರೆ ಇಲ್ಲ.

"ಅರ್ಕೇಶ, ನಿನಗೆ ಏನು ಕಾಣಿಸ್ತು?" ಹಂಸವೇಣಿ ಕೇಳಿದಳು.

ಅರ್ಕೇಶ ಪೆನ್ಸಿಲು ಕಚ್ಚಿದ. ಅವನ ಕಿವಿ ಕೆಂಪಾಯ್ತು.

"ಕತ್ತಲೆ" ಅಂದ, ಮೆಲ್ಲಗೆ. "ಕಾಣಿಸ್ಲಿಲ್ಲ ಅಂದ್ರೆ ಎಲ್ಲರೂ ನಗ್ತಾರೆ ಅಂತ, ಕಾಣಿಸ್ತು ಅಂದೆ."

"ಅವನು ಅಂದ ಅಂತ ನಾನೂ ಅಂದೆ" ಅಂದಳು ಎರಡನೆಯವಳು. "ಅವಳು ಅಂದಳು ಅಂತ ನಾನೂ ಅಂದೆ" ಅಂದ ಮೂರನೆಯವನು. ನನಗೂ ಕತ್ತಲೆ, ನನಗೂ ಕತ್ತಲೆ, ಹತ್ತೊಂಬತ್ತು ಕತ್ತಲೆ. ಮಿಸ್ಸಿಗೆ ನಾಚಿಕೆ ಆಯ್ತು. ಎದ್ದು ಬಂದು ನೋಡದೆ ಟಿಕ್ ಹಾಕಿದ್ದು ಅವರೇ ತಾನೇ?

ಈಗ ಹಂಸವೇಣಿ ನಗಬಹುದಿತ್ತು. ನಗಲಿಲ್ಲ. "ಗಂಟೆ ಹೊಡೆದುಬಿಡತ್ತೆ, ಬನ್ರೋ" ಅಂದಳು.

ಹತ್ತೊಂಬತ್ತು ಮಕ್ಕಳು ಓಡಿದರು, ಹಿಂದೆ ಮಿಸ್ಸೂ ಓಡಿದರು.

ಮಕ್ಕಳು ಜಗ್ಗಿದರು, ಕೈಪಂಪು ನೀರು ಕೊಡ್ತು.
ಕೈಪಂಪು ನೀರು ಕೊಡ್ತು, ಚೆನ್ನಾಜಕ್ಕ ಅಕ್ಕಿ ತೊಳೆದು ಕಲಗಚ್ಚು ಕೊಟ್ಟರು.
ಚೆನ್ನಾಜಕ್ಕ ಕಲಗಚ್ಚು ಕೊಟ್ಟರು, ಎಮ್ಮೆ ಸರೀತು.
ಎಮ್ಮೆ ಸರೀತು, ಕಿಟಕಿ ಬೆಳಕು ಬಿಡ್ತು.
ಕಿಟಕಿ ಬೆಳಕು ಬಿಡ್ತು, ಕನ್ನಡಿ ಬೆಳಕು ಕೊಡ್ತು.
ಕನ್ನಡಿ ಬೆಳಕು ಕೊಡ್ತು, ಸೂಕ್ಷ್ಮದರ್ಶಕ ತೋರಿಸ್ತು.

ಹಂಸವೇಣಿ ಒಂದು ಕಣ್ಣು ಮುಚ್ಚಿದಳು, ಒಂದು ಕಣ್ಣು ಇಟ್ಟಳು. ಒಳಗೆ ದೋಸೆಯಷ್ಟು ದುಂಡಗೆ ಬೆಳಕು. ಮೊದಲು ಎಲ್ಲ ಮಬ್ಬು. ತಿರುಪು ಮೆಲ್ಲಗೆ ತಿರುಗಿಸಿದಳು. ಇನ್ನೂ ಸ್ವಲ್ಪ ತಿರುಗಿಸಿದಳು. ಗೋಡೆ ಬಂತು. ಗೋಡೆ ಪಕ್ಕ ಗೋಡೆ ಬಂತು. ಸಾಲು ಸಾಲು ಮನೆ ಬಂತು. ಒಂದೊಂದು ಮನೆಯೊಳಗೂ ಒಂದೊಂದು ಕೆಂಪು ಚುಕ್ಕೆ.

ಅವಳ ಹಿಂದೆ ಆಗಲೇ ಸಾಲು. ಅರ್ಕೇಶ ನಿಂತ, ಅವಳು ನಿಂತಳು, ಇವನು ನಿಂತ, ಹತ್ತೊಂಬತ್ತು ಜನ ನಿಂತರು. ಈ ಸಲ ಹಂಸವೇಣಿ ಮೊದಲು.

ಊಟದ ಗಂಟೆ? ಅದೆಲ್ಲಿ ಹೊಡೆಯತ್ತೆ? ಅಕ್ಕಿ ಈಗ ತಾನೇ ಒಲೆ ಏರಿದೆ. ಅನ್ನ ಬೇಯದೆ ಊಟದ ಗಂಟೆ ಹೊಡೆಯೋ ಸ್ಕೂಲು ಎಲ್ಲಾದ್ರೂ ಇದೆಯಾ? ಪೆಟ್ಟಿಗೆ ಹಿಡಿದು ಬಂದ ಹೈಸ್ಕೂಲಿನವರೂ ಜಗಲಿ ಮೇಲೆ ಕೂತರು.

ಮಿಸ್ ಈಗ ಕುರ್ಚಿಯಲ್ಲಿ ಇರಲಿಲ್ಲ. ಹಂಸವೇಣಿ ಪಕ್ಕದಲ್ಲೇ ನಿಂತಿದ್ದರು.

"ಕಾಣಿಸ್ತಾ?"

ಹಂಸವೇಣಿ ಕಣ್ಣು ತೆಗೆಯಲಿಲ್ಲ.

"ಸ್ವಲ್ಪ ತಾಳಿ ಮಿಸ್. ಇನ್ನೂ ನೋಡ್ತಾ ಇದ್ದೀನಿ."

ಅಲ್ಲಿ ಅನ್ನ ಬೆಂತು, ಇಲ್ಲಿ ಕಥೆ ಬೆಂತು. ಏಳಿ, ಕೈ ತೊಳೀರಿ.