ಗೂಟದಲ್ಲಿ ಬಡಿಯುತ್ತಿದ್ದ ಎದೆ

ಕೃಷ್ಣಾ ನದಿಯ ನಡುವೆ ಒಂದು ನಡುಗಡ್ಡೆ, ಅದರಲ್ಲೊಂದು ಊರು. ಹರಿಗೋಲಿಲ್ಲದೆ ಅಲ್ಲಿಗೆ ದಾರಿಯಿಲ್ಲ, ವೈದ್ಯರಂತೂ ಇಲ್ಲವೇ ಇಲ್ಲ. ಇಂಜಿನಿಯರಿಂಗ್ ಮುಗಿಸಿ ವೈದ್ಯಕೀಯ ಓದುತ್ತಿದ್ದ ಗಂಗಾಂಬಿಕೆ ಆ ಊರಿಗೆಂದೇ ಒಂದು ಪೆಟ್ಟಿಗೆ ಮಾಡಿದಳು. ಚರ್ಮದ ಪಟ್ಟಿಯಿಂದ ಎದೆಗೆ ಕಟ್ಟಿಕೊಂಡರೆ ಲಬ್‌ಡಬ್ ಸದ್ದು ಪೆಟ್ಟಿಗೆಯಲ್ಲೂ ಕೇಳುತ್ತಿತ್ತು, ಅವಳಿದ್ದ ಹೊಳೆಯಾಚೆಯ ಆಸ್ಪತ್ರೆಯಲ್ಲೂ ಕೇಳುತ್ತಿತ್ತು. ಅಂತಿಂಥ ಪೆಟ್ಟಿಗೆಯಲ್ಲ ಮಕ್ಕಳೇ! ಸೊಳ್ಳೆಗೆ ಕಟ್ಟಿದರೆ ಸೊಳ್ಳೆಯ ನಾಡಿ, ಬಂಡೆಗೆ ಕಟ್ಟಿದರೆ ಬಂಡೆಯ ನಿಟ್ಟುಸಿರು. ಊರೆಲ್ಲ ಹಾಗೆ ಹೇಳುತ್ತಿತ್ತು, ಗಂಗಾಂಬಿಕೆ ಅಲ್ಲವೆನ್ನುತ್ತಿರಲಿಲ್ಲ.

ಒಂದೇ ತೊಡಕು. ಪಟ್ಟಿ ಆಗಾಗ ಜಾರಿ ಬಡಿತ ತಪ್ಪುತ್ತಿತ್ತು. ಪೆಟ್ಟಿಗೆ ಸುಮ್ಮನಾದರೆ ಮರ್ಯಾದೆ ಹೋದೀತೆಂದು ಅವಳೊಂದು ಜಾಣತನ ಸೇರಿಸಿದಳು. ಬಡಿತ ಸಿಗದಿದ್ದಾಗ ಪೆಟ್ಟಿಗೆ ಹಿಂದಿನ ನಿಮಿಷದ ಸದ್ದನ್ನೇ ಮತ್ತೆ ಮತ್ತೆ ನುಡಿಯುತ್ತಿತ್ತು.

ಆ ಪೆಟ್ಟಿಗೆ ನಡುಗಡ್ಡೆಯ ಒಂಟಿ ಮುದುಕಿ ದುರುಗವ್ವಜ್ಜಿಯ ಎದೆಗೇರಿತು. ಒಂದು ಮಧ್ಯಾಹ್ನ ಹರಿಗೋಲು ನಡೆಸುವ ಹನುಮೇಶ ಆಸ್ಪತ್ರೆಗೆ ಬಂದ.

"ಡಾಕ್ಟರವ್ವಾ, ದುರುಗವ್ವಜ್ಜಿ ನಿನ್ನೆಯಿಂದ ನನ್ನ ಬೈದಿಲ್ಲ ನೋಡ್ರಿ."

"ಅದಕ್ಕೂ ಔಷಧಿ ಬೇಕೇನೋ? ಕೇಳು, ಅಜ್ಜಿಯ ಎದೆ ನಿಮಿಷಕ್ಕೆ ಎಪ್ಪತ್ತೆರಡು. ನಿನ್ನ ಎದೆಗಿಂತ ಗಟ್ಟಿ!"

"ದಿನಾ ಹೊಳಿ ದಂಡಿಗೆ ನಿಂತು ನನ್ನ ಏಳು ತಲೆಮಾರು ತೊಳೀತಿದ್ದಳ್ರೀ. ನಿನ್ನೆ ಸುದ್ದಿಲ್ಲ, ಇವತ್ತೂ ಸುದ್ದಿಲ್ಲ."

ನಗುತ್ತಲೇ ಗಂಗಾಂಬಿಕೆ ಕಿವಿಗೊಟ್ಟಳು. ಲಬ್‌ಡಬ್. ಲಬ್‌ಡಬ್. ನಲವತ್ತೊಂದನೇ ಬಡಿತಕ್ಕೆ ಒಂದು ಸಣ್ಣ ಕೆಮ್ಮು. ಮುಂದಿನ ನಿಮಿಷ ಎಣಿಸಿದಳು. ನಲವತ್ತೊಂದಕ್ಕೆ ಅದೇ ಕೆಮ್ಮು. ಅದರ ಮುಂದಿನ ನಿಮಿಷವೂ ಅದೇ. ಅವಳ ನಗು ತುಟಿಯಲ್ಲೇ ಒಣಗಿತು.

"ಹರಿಗೋಲು ಬಿಡೋ ಹನುಮೇಶ!"

ಹೊಳೆಯ ಮೇಲೆ ಬಿಳಿ ಬಿಸಿಲು. ದಡದಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಅಜ್ಜಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಯಾರೂ ಕಾಣಲಿಲ್ಲ, ಆದರೆ ಮನೆ ತುಂಬ ಎದೆ ಬಡಿಯುತ್ತಿತ್ತು. ಲಬ್‌ಡಬ್. ಗೋಡೆಯ ಗೂಟಕ್ಕೆ ನೇತುಬಿದ್ದ ಪೆಟ್ಟಿಗೆ ತನ್ನಷ್ಟಕ್ಕೆ ಕೆಮ್ಮಿತು. ಕೆಳಗೆ ಕೂತಿದ್ದ ಬೆಕ್ಕು ರೋಮ ನಿಮಿರಿಸಿ ಅದನ್ನೇ ದಿಟ್ಟಿಸುತ್ತಿತ್ತು.

ಚರ್ಮದ ಪಟ್ಟಿ ಕಟ್ಟಿಕೊಂಡು ದೇವರ ಮುಂದೆ ಕೂರಬಾರದೆಂದು ಅಜ್ಜಿ ಪೆಟ್ಟಿಗೆ ಬಿಚ್ಚಿಟ್ಟಿದ್ದಳು. ದೇವರ ಗೂಡಿನ ಮುಂದೆಯೇ ಕುಸಿದು ಬಿದ್ದಿದ್ದಳು. ಗಂಗಾಂಬಿಕೆ ಅವಳ ಮಣಿಕಟ್ಟಿಗೆ ಬೆರಳಿಟ್ಟಳು. ಏನೂ ಇಲ್ಲ. ಬೆನ್ನ ಹಿಂದೆ ಪೆಟ್ಟಿಗೆ ಮಾತ್ರ ಎಪ್ಪತ್ತೆರಡು, ಎಪ್ಪತ್ತೆರಡು ಎನ್ನುತ್ತಿತ್ತು.

"ಅದರ ಬಾಯಿ ಮುಚ್ಚಿಸೋ!" ಎಂದು ಚೀರಿದಳು.

ಹನುಮೇಶ ಪೆಟ್ಟಿಗೆ ಆರಿಸಿದ. ಆ ಮೌನದಲ್ಲಿ ಬೆರಳ ತುದಿಗೆ ನೂಲಿನಷ್ಟು ಸಣ್ಣ ನಾಡಿ ಸಿಕ್ಕಿತು.

ಅಜ್ಜಿ ಬದುಕಿದಳು. ಗಂಗಾಂಬಿಕೆ ಪೆಟ್ಟಿಗೆಯ ಜಾಣತನ ಕಿತ್ತೆಸೆದಳು. ಈಗ ಬಡಿತ ತಪ್ಪಿದರೆ ಪೆಟ್ಟಿಗೆ ಸುಮ್ಮನಾಗುತ್ತದೆ, ಹರಿಗೋಲು ಹೊರಡುತ್ತದೆ. ಮೊದಲ ದಿನವೇ ಪಟ್ಟಿ ಜಾರಿ ಹನುಮೇಶ ಮೂರು ಸಲ ಅಜ್ಜಿಯ ಮನೆಗೆ ಸುಮ್ಮನೆ ಓಡಿದ.

"ಮತ್ತೆ ಬಂದೆಯಾ ದರಿದ್ರದವನೇ! ನಾನು ಸತ್ತೇನಂತ ಕಾಯ್ತಿದ್ದೀಯೇನೋ?" ಎಂದಳು ಅಜ್ಜಿ.

"ಬೈಯವ್ವಾ, ಇನ್ನೊಂದೆರಡು ಬೈಯಿ," ಎಂದ ಹನುಮೇಶ. ಅವನ ಕಣ್ಣು ತುಂಬಿತ್ತು.

ನೀತಿ: ತಿಳಿಯದಿದ್ದಾಗ ತಿಳಿಯದು ಎನ್ನಬೇಕು. ಮರ್ಯಾದೆಗೆ ಅಂಜಿ ಹೇಳುವ "ಎಲ್ಲ ಸರಿಯಾಗಿದೆ" ಎಂಬ ಮಾತು, ಕಾಪಾಡಲು ಬರುವವರನ್ನು ದಡದಲ್ಲೇ ನಿಲ್ಲಿಸಿಬಿಡುತ್ತದೆ.