ಎಲಚಿ ವಡೆಯೂ ಗಡಿಗೆ ಬಿಟ್ಟ ಕೋಳಿಗಳೂ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ, ನನಗೂ ಗೊತ್ತಿಲ್ಲ, ಒಂದು ಹಳ್ಳ ಇತ್ತಂತೆ. ಹಳ್ಳದ ಈಚೆಗೊಂದು ಊರು, ಆಚೆಗೊಂದು ಊರು. ಈಚೆ ಊರಿನ ಕೊನೇ ಮನೇಲಿ ಕಾಟವ್ವ ಅಂತ ಒಬ್ಬಳು ಇದ್ದಳಂತೆ. ಗಂಡ ಇಲ್ಲ. ಇದ್ದೊಬ್ಬ ಮಗಳು ಈರಕ್ಕನನ್ನು ಆಚೆ ಊರಿಗೆ ಕೊಟ್ಟಿದ್ದಳು. ಕೂಗಿದರೆ ಕೇಳಿಸುವಷ್ಟು ದೂರ. ಕೇಳಿಸಿದರೇನು, ಕೊಟ್ಟ ಹೆಣ್ಣು ಎದ್ದು ಬರೋಕಾಗುತ್ತಾ? ಹೂಂ ಅನ್ನು ಮಗಾ, ಇಲ್ಲಾಂದ್ರೆ ನಾನೂ ಮಲಗ್ತೀನಿ.

ಆ ಊರುಗಳಲ್ಲಿ ಒಂದು ಪದ್ಧತಿ. ಮನೇಲಿ ಯಾರಿಗಾದರೂ ಕಾಯಿಲೆ ಬಂದರೆ ಒಂದು ಕೋಳಿ ಹಿಡಿದು, ಮೂರು ಸಲ ನಿವಾಳಿಸಿ, ಕಾಲು ಕಟ್ಟಿ, ಹಳ್ಳ ದಾಟಿ ಇನ್ನೊಂದು ಊರಿನ ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬಂದುಬಿಡೋದು. ಕಾಯಿಲೆ ಕೋಳಿ ಜೊತೆ ಹೋಯ್ತು ಅಂತ ನಂಬಿಕೆ. ಕಾಯಿಲೆಗೆ ಸ್ವಂತ ಕಾಲಿಲ್ಲ ನೋಡು. ಆ ಕೋಳಿಯನ್ನು ಯಾರೂ ಮುಟ್ಟುತ್ತಿರಲಿಲ್ಲ, ನರಿಯೊಂದು ಬಿಟ್ಟು. ನರಿ ಮಾತ್ರ ಗುಂಡುಕಲ್ಲಿನ ಹಾಗೆ ಇತ್ತಂತೆ. ಅದನ್ನು ಯಾರೂ ಗಮನಿಸಲಿಲ್ಲವಂತೆ.

ಆಮೇಲೆ ಒಂದು ಚಳಿಗಾಲ ಈರಕ್ಕನಿಗೆ ಆರು ತಿಂಗಳು ತುಂಬಿತಂತೆ. ಅವ್ವನ ಕೈಯ ಎಲಚಿ ವಡೆ ಬೇಕು ಅಂತ ಬಯಕೆ. ಹಳ್ಳದಲ್ಲಿ ಬಟ್ಟೆ ಒಗೆಯೋ ಹೆಂಗಸರು ಸುದ್ದಿ ತಂದರು. ಕಾಟವ್ವ ಅವತ್ತೇ ಬುಟ್ಟಿ ಹಿಡಿದು ದಂಡೆಗೆ ಹೋದಳು. ಎಲಚಿ ಮುಳ್ಳಿನ ಕೆಳಗೆ ಬಿದ್ದ ಹಣ್ಣು ಆರಿಸುತ್ತಿದ್ದರೆ ಪೊದೆಯಲ್ಲಿ ಕಾಲು ಕಟ್ಟಿದ ಚುಕ್ಕಿ ಕೋಳಿ ಕೂತಿತ್ತಂತೆ. ಹಗ್ಗ ಬಿಚ್ಚಿದಳು, ಮಡಿಲಿಗೆ ಹಾಕಿಕೊಂಡು ಬಂದಳು. ಇನ್ನೊಂದು ದಿನ ಹೋದಾಗ ಒಂದು ಕರೀ ಕೋಳಿ. ಮತ್ತೊಂದು ದಿನ ಒಂದು ಕೆಂಪು ಕೋಳಿ. ಯಾರ ಮನೇದು ಅಂತ ಒಗೆಯೋ ಹೆಂಗಸರೇ ಹೇಳಿದರು: ಚುಕ್ಕೀದು ಆಚೆ ಊರಿನ ಗೌಡರ ಮೊಮ್ಮಗನ ಜ್ವರ, ಕರೀದು ಪೂಜಾರಿಯ ಕೆಮ್ಮು, ಕೆಂಪು ಕೋಳಿ ಅವಳ ಬೀಗಿತ್ತಿ ಸೂರಮ್ಮನ ಮಂಡಿನೋವು. ಇರಲಿ, ಮಂಡಿನೋವು ದಿನಕ್ಕೊಂದು ಮೊಟ್ಟೆ ಇಡ್ತಾ ಐತೆ, ಅಂದಳಂತೆ ಕಾಟವ್ವ.

ಆಮೇಲೆ ಹಣ್ಣಿಗೆ ಬೆಲ್ಲ, ಉಪ್ಪು, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟಿ, ವಡೆ ತಟ್ಟಿ, ಬಿಸಿಲಲ್ಲಿ ಒಣಗಿಸಿ, ಒಗೆಯೋ ಹೆಂಗಸರ ಕೈಲಿ ಕಳಿಸಿದಳಂತೆ. ಸೂರಮ್ಮ ಗಂಟು ಬಿಚ್ಚಿ ಮೂಸಿ, ಕಾಯಿಲೆ ಸಾಕಿದ ಮನೇದು ಅಂತ ತಿಪ್ಪೆಗೆ ಎಸೆದಳು. ಎರಡನೇ ಸಲ ಬಳೆಗಾರನ ಕೈಲಿ ಕಳಿಸಿದಳು. ಅವನು ಕೆಟ್ಟಿದೆಯೋ ಏನೋ ಅಂತ ದಾರೀಲಿ ಒಂದು ತಿಂದು ನೋಡಿದ, ಊರು ಮುಟ್ಟೋ ಹೊತ್ತಿಗೆ ಎಲ್ಲಾ ನೋಡಿಬಿಟ್ಟಿದ್ದ. ಮೂರನೇ ಸಲ ಕಾಟವ್ವ ತಾನೇ ಹೋದಳಂತೆ. ಸೂರಮ್ಮ ಹೊಸಿಲು ದಾಟಿಸಲಿಲ್ಲ.

ಚೊಚ್ಚಲ ಬಾಣಂತನ, ತವರಲ್ಲೇ ಆಗಬೇಕು, ಮಗಳನ್ನ ಕರ್ಕೊಂಡು ಹೋಗ್ತೀನಿ ಬೀಗಿತ್ತಿ, ಅಂದಳು ಕಾಟವ್ವ.

ಮೊದಲು ಆ ದರಿದ್ರ ಕೋಳಿಗಳನ್ನ ಆಚೆಗೆ ಹಾಕು. ಆಮೇಲೆ ಬಾ, ಅಂದಳು ಸೂರಮ್ಮ.

ಬಾಗಿಲ ಸಂದಿಯಲ್ಲಿ ಈರಕ್ಕ ನಿಂತಿದ್ದಳಂತೆ. ಗಂಟಿನ ಕಡೆ ನೋಡಿ ಎಂಜಲು ನುಂಗಿದಳು, ಅಷ್ಟೇ.

ಕಾಟವ್ವ ಮನೆಗೆ ಬಂದು ಅಂಗಳದಲ್ಲಿ ಕೂತಳು. ಕೋಳಿಗಳು ಕಾಲ ಸುತ್ತ ಕೆದಕುತ್ತಿದ್ದವು. ಗಡಿಗೆ ಬಿಟ್ಟರೆ ನರಿ ಪಾಲು. ಬಿಡದಿದ್ದರೆ ಮಗಳು ಇಲ್ಲ. ಮಾರನೇ ಬೆಳಗ್ಗೆ ಒಂದು ನಿರ್ಧಾರಕ್ಕೆ ಬಂದಳಂತೆ, ಯಾರದ್ದು ಅವರಿಗೇ ಕೊಡೋಣ, ಗೂಡಲ್ಲಾದರೂ ಬದುಕಲಿ ಅಂತ. ಕೋಳಿಗಳನ್ನು ಬುಟ್ಟಿಗೆ ಹಾಕಿ ಮುಚ್ಚಿ, ಹೊತ್ತು ಹಳ್ಳ ದಾಟಿದಳು. ಮೊದಲು ಗೌಡರ ಮನೆ. ಗೌಡರೇ, ನಿಮ್ಮ ಚುಕ್ಕಿ ಕೋಳಿ ತಗೊಳ್ಳಿ ಅಂದರೆ, ಎಂಟಾಳು ಎತ್ತರದ ಗೌಡರು ಮೂರು ಹೆಜ್ಜೆ ಹಿಂದಕ್ಕೆ ಹೋದರಂತೆ. ಅಯ್ಯೋ, ಮೊಮ್ಮಗ ಈಗಷ್ಟೇ ಎದ್ದು ಓಡಾಡ್ತಾವನೆ, ಆ ಜ್ವರ ವಾಪಸ್ ತಂದ್ಯೇನವ್ವ? ಅಂದರು. ಪೂಜಾರಿ ಬಾಗಿಲನ್ನೇ ತೆಗೆಯಲಿಲ್ಲ, ಒಳಗಿಂದ ಕೆಮ್ಮಿದ.

ಕಾಟವ್ವ ಪೆದ್ದಿಯಲ್ಲ. ಬುಟ್ಟಿ ಹೊತ್ತು ನೆಟ್ಟಗೆ ಸೂರಮ್ಮನ ಜಗಲಿಗೆ ಬಂದಳು. ಹಿಂದೆ ದೂರದಲ್ಲಿ ಊರೇ ಬಂತು.

ನೀನು ಹೇಳಿದ ಹಾಗೇ ಮನೆಯಿಂದ ಆಚೆಗೆ ತಂದಿದೀನಿ ಬೀಗಿತ್ತಿ. ಇಲ್ಲೇ ಬಿಡಲಾ?

ಸೂರಮ್ಮನಿಗೆ ಅಲ್ಲೇ ಮಂಡಿ ಹಿಡಿಯಿತಂತೆ. ಬೇಡ ತಾಯಿ, ನಿನ್ನ ಹತ್ರಾನೇ ಚೆನ್ನಾಗವೆ, ಅಂದಳು.

ಚೆನ್ನಾಗವೆ. ಆದರೆ ಒಬ್ಬಳೇ ಎಷ್ಟು ಅಂತ ಕಾಯಲಿ? ನಾನು ಹಣ್ಣಿಗೆ ಹೋದಾಗ ಒಂದು ತಪ್ಪಿಸಿಕೊಂಡು ಹಳ್ಳ ದಾಟಿದರೆ ನನ್ನ ಕೇಳಬೇಡಿ. ಮನೇಲಿ ಇನ್ನೊಬ್ಬರು ಇದ್ದಿದ್ದರೆ...

ಸೊಸೇನ ಕಳಿಸಮ್ಮ, ಅಂದರು ಗೌಡರು, ದೂರದಿಂದಲೇ.

ಬಸುರಿ ಕಣ್ರೀ, ಆ ಮನೇಲಿ ಅವಳಿಗೇನಾದರೂ ಅಂಟಿದರೆ? ಅಂದಳು ಸೂರಮ್ಮ.

ಕಟ್ಟಿಹಾಕಿದ ನಾಯಿ ಕಚ್ಚುತ್ತಾ? ಬುಟ್ಟಿ ಒಳಗಿರೋ ಕಾಯಿಲೆ ಯಾರಿಗೂ ಅಂಟಲ್ಲ. ಮೊದಲು ಕಳಿಸು.

ಗೌಡರ ಜ್ಞಾನಕ್ಕೆ ಕಾಟವ್ವ ಎದುರಾಡಲಿಲ್ಲ.

ಆಮೇಲೆ ತಾಯಿ ಮಗಳು ಹಳ್ಳ ದಾಟಿದರಂತೆ, ಮುಂದೆ ಬುಟ್ಟಿ, ಹಿಂದೆ ಹೊಟ್ಟೆ. ಈರಕ್ಕ ಅವ್ವನ ಅಂಗಳದಲ್ಲಿ ಗೋಡೆಗೆ ಒರಗಿ ಕಾಲು ನೀಡಿ ಕೂತು ವಡೆ ತಿಂದಳು. ಮಗಳು ಬಂದರೆ ಇದು ಹೇಳಬೇಕು, ಅದು ಕೇಳಬೇಕು ಅಂತ ಕಾಟವ್ವ ಎರಡು ವರ್ಷದಿಂದ ಕೂಡಿಟ್ಟಿದ್ದಳು. ಕೊನೆಗೆ ಉಪ್ಪು ಸಾಕಾ? ಅಂದಳು.

ವಸಿ ಜಾಸ್ತಿ ಆಯ್ತವ್ವ, ಅಂತ ಈರಕ್ಕ ಇನ್ನೊಂದಕ್ಕೆ ಕೈ ಹಾಕಿದಳಂತೆ.

ಹೆಣ್ಣುಮಗು ಆಯ್ತು. ಮೂರು ತಿಂಗಳಿಗೆ ವಾಪಸ್ ಕಳಿಸಬೇಕಿತ್ತು, ಬಾಣಂತಿ ಒಂಬತ್ತು ತಿಂಗಳು ತವರಲ್ಲೇ ಉಳಿದಳಂತೆ. ಕರೆಯೋಕೆ ಆಚೆ ಊರಿನ ಯಾರಿಗೂ ಧೈರ್ಯ ಬರಲಿಲ್ಲ.

ಅಷ್ಟೇ, ಕತೆ ಮುಗೀತು. ಆ ಕಡೆ ತಿರುಗಿ ಮಲಕ್ಕೋ.