ಕೆಂಪನಾಳದ ಹಿಡಿಮಣ್ಣಿನ ದಿಬ್ಬ

ಕೆಂಪನಾಳದ ಊರಬಾಗಿಲು ದಾಟಿ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಗರಸು ನೆಲದ ಏರೊಂದು ಸಿಗುತ್ತದೆ. ಕಣ್ಣು ಹಾಯಿಸಿದಷ್ಟೂ ಕೆಂಪು. ಏರಿನ ನೆತ್ತಿಯಲ್ಲಿ ಮಾತ್ರ ಎದೆಮಟ್ಟದ ಕಪ್ಪು ಎರೆಮಣ್ಣಿನ ದಿಬ್ಬ. ಇದನ್ನು ಹಿಡಿಮಣ್ಣಿನ ದಿಬ್ಬ ಎನ್ನುತ್ತಾರೆ. ಮಾಟಗಾತಿಯೊಬ್ಬಳ ಶಾಪದಿಂದ ಎದ್ದದ್ದು ಎಂದು ಊರವರು ಬಂದವರಿಗೆ ಹೇಳಿ, ದೂರದಿಂದಲೇ ಕೈಮುಗಿಸಿ ಸಾಗಹಾಕುತ್ತಾರೆ. ಈ ಅವಸರದ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಮೂವತ್ತು ವರ್ಷ ಇದೇ ಊರಿನ ಶಾಲೆಯಲ್ಲಿ ಪಾಠ ಹೇಳಿದವನು ನಾನು. ಯಾರು ಯಾವಾಗ ಮಾತು ತೇಲಿಸುತ್ತಾರೆ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ. ಆದ್ದರಿಂದ ಹಳಬರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿ ಇದನ್ನು ಬರೆದಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯಲ್ಲಿ ಎರೆಹೊಲವೆಂದು ಇದ್ದದ್ದು ಒಂದೇ, ಹಳ್ಳದ ದಂಡೆಯದು. ಅದನ್ನು ಉಳುತ್ತಿದ್ದ ಮುದುಕ ತೀರಿಕೊಂಡಾಗ ಮಗಳು ನಿಂಬೆವ್ವ ಒಬ್ಬಳೇ ಉಳಿದಳು. ಹನ್ನೊಂದನೆಯ ದಿನವೇ ಊರ ಗೌಡ ದ್ಯಾವನಗೌಡ, ಮುದುಕ ಸಾಯುವ ಮುಂಚೆ ಹೊಲವನ್ನು ಬಾಯಿಮಾತಿನಲ್ಲಿ ತನಗೆ ಕೊಟ್ಟಿದ್ದಾನೆಂದ. ಐವರು ಹಿರಿಯರು ದೇವರ ಮುಂದೆ ನಿಂತು ಹೌದೆಂದು ಆಣೆಯಿಟ್ಟರು. ಆಮೇಲೆ ಹೊಲ ಆರು ಪಟ್ಟಿಯಾಗಿ ಗೌಡನಿಗೂ ಆ ಐವರಿಗೂ ಹಂಚಿಹೋಯಿತು. ನಿಂಬೆವ್ವ ಬದುವಿನ ಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ನಮ್ಮ ಕಡೆ ನೊಂದ ಹೆಂಗಸು ಮಣ್ಣು ತೂರಿ ಶಪಿಸಿದರೆ ಮನೆತನ ಉಳಿಯದು ಎಂಬ ನಂಬಿಕೆ. ನಿಂತವರೆಲ್ಲ ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ಬೆನ್ನು ತಿರುಗಿಸಿ ನಡೆದು, ಈ ಏರಿನ ಮೇಲೆ ಒಂದು ಗುಡಿಸಲು ಕಟ್ಟಿಕೊಂಡಳು.

ಆ ವರ್ಷ ಒಬ್ಬನ ಎಮ್ಮೆ ಸತ್ತಿತು, ಇನ್ನೊಬ್ಬನ ಮನೆಯ ಗೋಡೆ ಕುಸಿಯಿತು, ಗೌಡನ ಮಗ ಜ್ವರಕ್ಕೆ ಮಲಗಿದ. ಪ್ರತಿ ವರ್ಷವೂ ಎಮ್ಮೆ ಸಾಯುತ್ತವೆ, ಗೋಡೆ ಬೀಳುತ್ತವೆ. ಆದರೆ ಅಳುಕಿದವರಿಗೆ ಲೆಕ್ಕವೇ ಬೇರೆ: ಅವಳು ಮರೆಯಲ್ಲೆಲ್ಲೋ ಮಣ್ಣು ತೂರಿರಬೇಕು. ಶಾಪ ಕಳೆಯಲು ಒಂದೇ ದಾರಿಯಿತ್ತು ಎನ್ನುತ್ತಾರೆ. ತಪ್ಪು ಮಾಡಿದವನು ಜಗಳದ ನೆಲದಿಂದಲೇ ಒಂದು ಹಿಡಿ ಮಣ್ಣು ತಂದು, ಶಪಿಸಿದವಳ ಹೊಸ್ತಿಲಲ್ಲಿ ಬಾಯಿಬಿಡದೆ ಇಟ್ಟು ಬರಬೇಕು. ಊರೆಲ್ಲ ಒಳಗೆ ಸೇರುವ ಮಟಮಟ ಮಧ್ಯಾಹ್ನ ಆ ಆರು ಮನೆಯವರು ಒಬ್ಬೊಬ್ಬರೇ, ಮತ್ತೆ ಮತ್ತೆ ಬಂದು ಇಟ್ಟುಹೋದರು. ತಿಂಗಳೊಪ್ಪತ್ತಿನಲ್ಲಿ ಗುಡಿಸಲ ಮುಂದೆ ಕಪ್ಪು ಗುಡ್ಡೆಯಾಯಿತು. ಅದನ್ನು ಕಂಡು ದ್ಯಾವನಗೌಡನಿಗೆ ಎದೆಯೊಡೆಯಿತು. ಯಾರು ತಂದಿಟ್ಟರೆಂದು ಯಾರಾದರೂ ಕೇಳಿಯಾರು ಎಂಬ ಭಯ. ತಾನೇ ಹೋಗಿ, ಸುತ್ತಿನ ಹಳ್ಳಿಗಳಿಗೆಲ್ಲ ನ್ಯಾಯ ಹೇಳುವ ನಾಡಗೌಡರನ್ನು ಕರೆತಂದ.

“ಈಕಿ ಮಾಟಗಾತ್ರೀ. ಮಣ್ಣ ತೂರ್ಯಾಳ. ಸೀಮಿ ದಾಟಿಸಿಬಿಡ್ರಿ” ಎಂದ.

ನಾಡಗೌಡರು ನಿಂಬೆವ್ವನ ಕಡೆ ತಿರುಗಿ “ಖರೇ ಏನವ್ವಾ?” ಎಂದು ಕೇಳಿದರು.

“ತೂರಿಲ್ರೀ ಯಪ್ಪಾ. ನಮ್ಮಪ್ಪ ಉತ್ತ ಮಣ್ಣು ಅಂತ ಕಟಗೊಂಡು ಬಂದೀನಿ.” ಅವಳು ಸೆರಗಿನ ಗಂಟು ಬಿಚ್ಚಿದಳು. ಹಿಡಿ ಮಣ್ಣು ಹಾಗೆಯೇ ಇತ್ತು, ಒಣಗಿ ಹೆಂಟೆಯಾಗಿ.

ನಾಡಗೌಡರು ಹೆಂಟೆಯ ಕಪ್ಪನ್ನೂ ಗುಡ್ಡೆಯ ಕಪ್ಪನ್ನೂ ಹೋಲಿಸಿ ನೋಡಿದರಂತೆ. ಆಮೇಲೆ ನೆರೆದವರಿಗೆ ಹೇಳಿದರು: “ಈಕಿ ಇನ್ನೂ ತೂರಿಲ್ಲ, ಈಗ ತೂರ್ತಾಳ. ಇಲ್ಲಿ ಮಣ್ಣು ಇಟ್ಟಾವ್ರು ಮುಂದ ಬಂದು ಒಪ್ಪಿಕೊಳ್ರಿ. ಸುಮ್ಮನ ನಿಂತಾವ್ರ ಮ್ಯಾಲ ಬೀಳ್ಲಿ.” ಪ್ರತಿಯೊಬ್ಬನೂ ಪಕ್ಕದವನ ಕಾಲು ನೋಡುತ್ತಿದ್ದ. ಕೊನೆಗೆ ಹೆಂಗಸರ ಗುಂಪಿನಿಂದ ಗೌಡನ ತಾಯಿ ಕಲ್ಲವ್ವ ಕೋಲೂರಿಕೊಂಡು ಬಂದಳು. “ಮೂರು ಹಿಡಿ ನಂದು ಅದಾವ್ರಿ. ಮೊಮ್ಮಗನ ಸಲುವಾಗಿ ಇಟ್ಟೀನಿ. ಹೊಲ ಆಕೀದ” ಎಂದಳು. ಮಗನ ಮುಖ ನೋಡಲಿಲ್ಲ. ಅವಳ ಹಿಂದೆ ಐವರೂ ಬಂದರು. ಹೊಲವನ್ನು ನಿಂಬೆವ್ವನಿಗೆ ಬಿಟ್ಟುಕೊಡಬೇಕೆಂದು ನಾಡಗೌಡರು ಅಪ್ಪಣೆ ಕೊಟ್ಟರು, ಅವಳು ಸೆರಗಿನ ಮಣ್ಣನ್ನು ತೂರದೆ ಗುಡ್ಡೆಯ ಮೇಲೆಯೇ ಸುರಿದಳು ಎನ್ನುತ್ತಾರೆ. ಐತಿಹ್ಯ ಅಲ್ಲಿಗೆ ಮುಗಿಯುತ್ತದೆ.

ನನಗೆ ಮುಗಿಯುವುದಿಲ್ಲ. ನ್ಯಾಯ ಅವಳ ಕಡೆ ಆಗಿದ್ದರೆ ಅವಳಿಗೆ ಮಾಟಗಾತಿಯ ಹೆಸರು ಉಳಿದದ್ದೇಕೆ? ನಾಡಗೌಡರು ಕುದುರೆಯೇರಿ ಹೋದ ಮೇಲೆ ಏನಾಯಿತು ಎಂದು ಕೇಳಿದರೆ ಹಳಬರೆಲ್ಲ ಎಲೆಯಡಿಕೆಯ ಚೀಲ ಹುಡುಕತೊಡಗುತ್ತಾರೆ. ನಿಂಬೆವ್ವನ ಕಡೆಯವರೆಂಬವರು ಇಂದು ಊರಲ್ಲಿ ಒಬ್ಬರೂ ಇಲ್ಲ. ದಿಬ್ಬದ ಪಕ್ಕ ನಿಂತರೆ ಹಳ್ಳದ ದಂಡೆಯ ಆ ಹೊಲ ಚೆನ್ನಾಗಿ ಕಾಣುತ್ತದೆ. ಅದು ಇವತ್ತಿಗೂ ಆರು ಪಟ್ಟಿ. ಗೌಡರ ಮನೆಯದು ಒಂದು, ಉಳಿದವು ಐದು ಮನೆತನಗಳವು; ಬೇವಿನ ಮರದ ಪಕ್ಕದ್ದು ನಮ್ಮದು. ಹತ್ತಿರ ಹೋಗಿ ನೋಡಿದವರಿಗೆ ದಿಬ್ಬದ ನೆತ್ತಿಯಲ್ಲಿ ಹೊಸ ಮಣ್ಣು ಕಾಣಿಸೀತು. ಕಳೆದ ಬೇಸಗೆಯಲ್ಲಿ ಮಗಳು ಹೆರಿಗೆಯಲ್ಲಿ ಎರಡು ದಿನ ನರಳಿದಾಗ, ನಾನೂ ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ಒಂದು ಹಿಡಿ ಇಟ್ಟು ಬಂದೆ. ನಾಚಿಕೆಯಾಯಿತು. ಮಗಳು ಬದುಕಿದಳು. ಹೊಲ ಇನ್ನೂ ನಮ್ಮ ಹತ್ತಿರವೇ ಇದೆ.